ಲ್ಯಾಪ್‌ಟಾಪ್‌ಗೆ ಬರುವ ಇಂಟರ್ನೆಟ್ಟನ್ನು ಮನೆಗೆಲ್ಲ ಹಂಚುವುದು: ಯಾವ ದಾರಿ ಯಾರಿಗೆ?

ಹೋದ ವರ್ಷ ತಂಗಿ ದಾವಣಗೆರೆಯಲ್ಲಿ ಬಾಡಿಗೆ ಮನೆ ಹಿಡಿದಳು. ಇಂಟರ್ನೆಟ್‌ನವರು ಬಂದು ಕಿಟಕಿಯ ಸಂದಿಯಿಂದ ಒಂದು ನೀಲಿ ವೈರ್ ಎಳೆದು, ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ, ಯೂಸರ್‌ನೇಮ್ ಪಾಸ್‌ವರ್ಡ್ ಹಾಕಿಕೊಟ್ಟು ಹೋದರು. ರೂಟರ್ ನೀವೇ ತಗೋಬೇಕು ಅಂದರಂತೆ. ಸಂಜೆ ಫೋನ್ ಬಂತು. "ಅಣ್ಣ, ಲ್ಯಾಪ್‌ಟಾಪ್‌ಗೆ ನೆಟ್ ಬರ್ತಿದೆ. ಇದನ್ನೇ ಫೋನ್‌ಗೂ ಟಿವಿಗೂ ಕೊಡೋಕಾಗಲ್ವಾ?"

ಆಗುತ್ತದೆ. ಒಂದಲ್ಲ, ಐದಾರು ದಾರಿಗಳಿವೆ. ಕಷ್ಟ ಇರುವುದು ಆರಿಸುವುದರಲ್ಲಿ. ನೆಟ್‌ನಲ್ಲಿ ಹುಡುಕಿದರೆ ಒಬ್ಬರು ಕಪ್ಪು ಪರದೆಯಲ್ಲಿ ಆದೇಶ ಟೈಪ್ ಮಾಡಿ ಅನ್ನುತ್ತಾರೆ. ಇನ್ನೊಬ್ಬರು ಯಾವುದೋ ಸಾಫ್ಟ್‌ವೇರ್ ಹಾಕಿ ಅನ್ನುತ್ತಾರೆ. ಮತ್ತೊಬ್ಬರು ಸುಮ್ನೆ ರೂಟರ್ ತಗೊಳ್ಳಿ ಅನ್ನುತ್ತಾರೆ. ಮೂವರು ಹೇಳುವುದೂ ಯಾರಿಗೋ ಒಬ್ಬರಿಗೆ ಸರಿಯೇ. ನಿಮಗೆ ಯಾವುದು ಸರಿ ಅನ್ನುವುದನ್ನು ತೀರ್ಮಾನಿಸುವುದು ಎರಡೇ ವಿಷಯ. ನೆಟ್ ನಿಮ್ಮ ಕಂಪ್ಯೂಟರ್‌ಗೆ ಯಾವ ದಾರಿಯಿಂದ ಬರುತ್ತಿದೆ? ಹಂಚಬೇಕಾಗಿರುವುದು ದಿನಕ್ಕೆ ಎಷ್ಟು ಹೊತ್ತು?

ನೆಟ್ ಒಳಗೆ ಬರುವ ದಾರಿ

ವೈರ್‌ನಲ್ಲಿ ಬಂದರೆ ನೀವು ಪುಣ್ಯವಂತರು. ಲ್ಯಾಪ್‌ಟಾಪ್‌ನ ವೈಫೈ ಕಾರ್ಡ್ ಖಾಲಿ ಕೂತಿರುತ್ತದೆ. ಅದನ್ನು ಪೂರ್ತಿಯಾಗಿ ಹಂಚುವ ಕೆಲಸಕ್ಕೆ ಹಚ್ಚಬಹುದು. ಫೋನನ್ನು ಯುಎಸ್‌ಬಿ ಕೇಬಲ್‌ನಲ್ಲಿ ಜೋಡಿಸಿ ನೆಟ್ ತಗೊಂಡಾಗಲೂ ಇದೇ ಅನುಕೂಲ.

ವೈಫೈನಲ್ಲೇ ನೆಟ್ ಬಂದು, ಅದನ್ನು ಮತ್ತೆ ವೈಫೈನಲ್ಲೇ ಹಂಚಬೇಕು ಅಂದರೆ ಮಾತು ಬೇರೆ. ಒಬ್ಬನೇ ಅಡುಗೆಯವನು ಒಲೆಯನ್ನೂ ನೋಡಿಕೊಂಡು, ಪಂಕ್ತಿಗೂ ತಾನೇ ಬಡಿಸಬೇಕಾದ ಹಾಗೆ. ಒಂದು ಕ್ಷಣ ರೂಟರ್ ಜೊತೆ ಮಾತು, ಮರುಕ್ಷಣ ನಿಮ್ಮ ಫೋನ್ ಜೊತೆ ಮಾತು. ಸಾಮಾನ್ಯವಾಗಿ ಎರಡೂ ಒಂದೇ ಚಾನೆಲ್‌ನಲ್ಲಿ, ಅಂದರೆ ಒಂದೇ ರೇಡಿಯೋ ಓಣಿಯಲ್ಲಿ ನಡೆಯಬೇಕು. ಹಾಗಾಗಿ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ವಾಟ್ಸಾಪ್‌ಗೆ, ಆನ್‌ಲೈನ್ ಕ್ಲಾಸಿಗೆ ಇದು ಸಾಕು. ಎರಡು ಟಿವಿ ಓಡಿಸುತ್ತೇನೆ ಅಂದರೆ ಆಗುವುದಿಲ್ಲ.

ಇನ್ನು ಡೆಸ್ಕ್‌ಟಾಪ್ ಇರುವವರು ಮೊದಲು ಅದರಲ್ಲಿ ವೈಫೈ ಇದೆಯಾ ನೋಡಿ. ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಬಹುಪಾಲು ಇರುವುದಿಲ್ಲ. ಯುಎಸ್‌ಬಿಗೆ ಚುಚ್ಚುವ ವೈಫೈ ಅಡಾಪ್ಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ತಗೊಳ್ಳುವಾಗ ಡಬ್ಬಿಯ ಮೇಲೆ ಹಾಟ್‌ಸ್ಪಾಟ್ ಅಥವಾ ಸಾಫ್ಟ್ ಎಪಿ ಅಂತ ಬರೆದಿದೆಯಾ ನೋಡಿ. ಎಲ್ಲ ಅಡಾಪ್ಟರ್‌ಗಳೂ ನೆಟ್ ಪಡೆಯುತ್ತವೆ, ಎಲ್ಲವೂ ಹಂಚುವುದಿಲ್ಲ. ಉಗುರಿನಷ್ಟು ಚಿಕ್ಕದು ಚೆನ್ನಾಗಿ ಕಾಣುತ್ತದೆ ನಿಜ, ಆದರೆ ಅದರ ಆಂಟೆನಾ ಒಂದು ಕೋಣೆ ದಾಟುವುದೇ ಹೆಚ್ಚು. ಕೋಲಿನ ಹಾಗೆ ಆಂಟೆನಾ ಇರುವುದನ್ನೇ ತಗೊಳ್ಳಿ.

ವಿಂಡೋಸ್‌ನಲ್ಲಿ: ಮೊದಲು ಮನೆಯಲ್ಲೇ ಇರುವ ಬಟನ್

ವಿಂಡೋಸ್‌ಗೆ ನೆಟ್ ಹಂಚುವುದು ಹೊಸದಲ್ಲ. 1999ರಲ್ಲಿ ಬಂದ ವಿಂಡೋಸ್ 98 ಎರಡನೇ ಆವೃತ್ತಿಯಲ್ಲೇ ಇಂಟರ್ನೆಟ್ ಕನೆಕ್ಷನ್ ಶೇರಿಂಗ್ ಇತ್ತು. ಆಗ ಹಂಚುತ್ತಿದ್ದುದು ವೈರ್‌ನಲ್ಲಿ. 2009ರಲ್ಲಿ ವಿಂಡೋಸ್ 7 ಬಂದಾಗ ವೈಫೈನಲ್ಲೂ ಹಂಚುವ ಸೌಲಭ್ಯ ಸೇರಿತು. ಆದರೆ ಅದಕ್ಕೆ ಕಮಾಂಡ್ ಪ್ರಾಂಪ್ಟ್ ಅನ್ನುವ ಆ ಕಪ್ಪು ಪರದೆಯಲ್ಲಿ ಉದ್ದುದ್ದ ಆದೇಶ ಟೈಪ್ ಮಾಡಬೇಕಿತ್ತು. 2016ರ ಆಗಸ್ಟ್‌ನಲ್ಲಿ ವಿಂಡೋಸ್ 10ಕ್ಕೆ ಬಂದ ಆನಿವರ್ಸರಿ ಅಪ್‌ಡೇಟ್ ಈ ಕೆಲಸವನ್ನು ಒಂದು ಬಟನ್‌ಗೆ ಇಳಿಸಿತು.

ಹಳೆಯ ವಿಡಿಯೋಗಳನ್ನು ನೋಡಿ ಇವತ್ತಿಗೂ ಆ ಆದೇಶಗಳನ್ನು ಟೈಪ್ ಮಾಡಿ ಸೋತವರು ಬಹಳ ಜನ. ವೈಫೈ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್‌ಗೆ ಡ್ರೈವರ್ ಅನ್ನುತ್ತಾರೆ, ಹೊಸ ಡ್ರೈವರ್‌ಗಳಲ್ಲಿ ಎಷ್ಟೋ ಆ ಹಳೆಯ ಪದ್ಧತಿಯನ್ನೇ ಕೈಬಿಟ್ಟಿವೆ. ವೈಫೈ ಡೈರೆಕ್ಟ್ ಅನ್ನುವ ಬೇರೆ ಪದ್ಧತಿಗೆ ಹೋಗಿವೆ. ಆದೇಶ ಕೊಟ್ಟಾಗ 'ಹೋಸ್ಟೆಡ್ ನೆಟ್‌ವರ್ಕ್ ಸಪೋರ್ಟೆಡ್: ನೋ' ಅಂತ ಬಂದರೆ ನಿಮ್ಮ ಲ್ಯಾಪ್‌ಟಾಪ್ ಕೆಟ್ಟಿದೆ ಅಂತಲ್ಲ. ದಾರಿ ಬದಲಾಗಿದೆ ಅಷ್ಟೇ. ವಿಂಡೋಸ್ 7, 8ರಂಥ ಹಳೆಯದನ್ನು ಇನ್ನೂ ಇಟ್ಟುಕೊಂಡವರಿಗೆ ಮಾತ್ರ ಆ ಆದೇಶಗಳು ಬೇಕು.

ವಿಂಡೋಸ್ 10 ಅಥವಾ 11 ಇದ್ದರೆ ಸೆಟ್ಟಿಂಗ್ಸ್ ತೆರೆಯಿರಿ. ನೆಟ್‌ವರ್ಕ್ ಅಂಡ್ ಇಂಟರ್ನೆಟ್ ಒಳಗೆ ಮೊಬೈಲ್ ಹಾಟ್‌ಸ್ಪಾಟ್ ಇದೆ. ಹೆಸರಲ್ಲಿ ಮೊಬೈಲ್ ಅಂತ ಇರುವುದಕ್ಕೆ ಗಲಿಬಿಲಿ ಬೇಡ, ಇದು ಕಂಪ್ಯೂಟರ್‌ನದ್ದೇ. ಯಾವ ಸಂಪರ್ಕವನ್ನು ಹಂಚಬೇಕು ಅನ್ನುವಲ್ಲಿ ವೈರ್ ಆದರೆ ಈಥರ್ನೆಟ್ ಆರಿಸಿ. ಯಾವುದರ ಮೂಲಕ ಅನ್ನುವಲ್ಲಿ ವೈಫೈ. ಎಡಿಟ್ ಒತ್ತಿ ಹೆಸರು, ಪಾಸ್‌ವರ್ಡ್ ನಿಮ್ಮದೇ ಹಾಕಿಕೊಳ್ಳಿ. ಪಾಸ್‌ವರ್ಡ್ ಕನಿಷ್ಠ 8 ಅಕ್ಷರ ಇರಬೇಕು. ಆನ್ ಮಾಡಿ. ಒಟ್ಟು 8 ಸಾಧನಗಳು ಸೇರಬಹುದು. ಮನೆಗೆ ಇದು ಧಾರಾಳ.

ಅದೇ ಜಾಗದಲ್ಲಿ ಬ್ಯಾಂಡ್ ಅಂತ, ಅಂದರೆ ವೈಫೈ ಯಾವ ರೇಡಿಯೋ ತರಂಗದಲ್ಲಿ ಹೋಗಬೇಕು ಅನ್ನುವ ಇನ್ನೊಂದು ಆಯ್ಕೆ ಇದೆ. ಬಹಳಷ್ಟು ಜನ ಅದನ್ನು ಮುಟ್ಟುವುದೇ ಇಲ್ಲ. 2.4 ಗಿಗಾಹರ್ಟ್ಸ್ ದೂರ ಹೋಗುತ್ತದೆ, ಗೋಡೆ ದಾಟುತ್ತದೆ, ವೇಗ ಕಡಿಮೆ. 5 ಗಿಗಾಹರ್ಟ್ಸ್‌ನಲ್ಲಿ ವೇಗ ಜಾಸ್ತಿ, ಆದರೆ ಎರಡು ಗೋಡೆ ಅಡ್ಡ ಬಂದರೆ ಸೊರಗುತ್ತದೆ. ಫೋನ್, ಟ್ಯಾಬ್‌ಗಳು ಎರಡಕ್ಕೂ ಒಗ್ಗುತ್ತವೆ. ವೈಫೈ ಬಲ್ಬ್, ಸ್ಮಾರ್ಟ್ ಪ್ಲಗ್, ಹಳೆಯ ಪ್ರಿಂಟರ್‌ಗಳಲ್ಲಿ ಬಹುಪಾಲಿಗೆ 2.4 ಮಾತ್ರ ಗೊತ್ತು. ಅವುಗಳಿಗೆ ನಿಮ್ಮ ಹಾಟ್‌ಸ್ಪಾಟ್ ಕಾಣಿಸುತ್ತಲೇ ಇಲ್ಲ ಅಂದರೆ ಕಾರಣ ಇದೇ ಇರಬಹುದು. ವೈಫೈನಿಂದ ನೆಟ್ ಪಡೆದು ವೈಫೈನಲ್ಲೇ ಹಂಚುವಾಗ ಇನ್ನೊಂದು ತೊಡಕು. ಲ್ಯಾಪ್‌ಟಾಪ್ 5ರಲ್ಲಿ ರೂಟರ್‌ಗೆ ಸೇರಿದ್ದರೆ ಎಷ್ಟೋ ಸಲ ಹಾಟ್‌ಸ್ಪಾಟೂ 5ರಲ್ಲೇ ನಿಂತುಬಿಡುತ್ತದೆ. ಆಗ ಮೊದಲು ಲ್ಯಾಪ್‌ಟಾಪನ್ನು ರೂಟರ್‌ನ 2.4ರ ಹೆಸರಿಗೆ ಸೇರಿಸಿ, ಆಮೇಲೆ ಹಾಟ್‌ಸ್ಪಾಟ್ ಆನ್ ಮಾಡಿ.

ತಂಗಿಯ ಮನೆಯಲ್ಲಿ ಇಷ್ಟೆಲ್ಲ ಮಾಡಿದರೂ ಫೋನ್ ಸೇರಿತೇ ಹೊರತು ನೆಟ್ ಬರಲಿಲ್ಲ. ಅವಳದ್ದು ಡಯಲರ್ ಸಂಪರ್ಕ. ವೈರ್ ಸಿಕ್ಕಿಸಿದರೆ ಸಾಲದು, ಬ್ರಾಡ್‌ಬ್ಯಾಂಡ್ ಕನೆಕ್ಷನ್ ಒತ್ತಿ ಯೂಸರ್‌ನೇಮ್ ಕೊಟ್ಟು ಕನೆಕ್ಟ್ ಮಾಡಬೇಕು. ಸಣ್ಣ ಊರುಗಳಲ್ಲಿ ಕೇಬಲ್‌ನವರು ಕೊಡುವ ನೆಟ್‌ನಲ್ಲಿ ಇದು ಮಾಮೂಲು, ಪಿಪಿಪಿಒಇ ಅನ್ನುತ್ತಾರೆ. ಹಾಟ್‌ಸ್ಪಾಟ್ ಪುಟದ ಪಟ್ಟಿಯಲ್ಲಿ ಈಥರ್ನೆಟ್ ಮಾತ್ರ ಕಾಣುತ್ತಿತ್ತು, ಡಯಲರ್ ಇರಲಿಲ್ಲ. ಅವಳು ಹಂಚುತ್ತಿದ್ದುದು ಬರೀ ವೈರನ್ನು, ಅದರ ಮೇಲೆ ಕೂತಿದ್ದ ಇಂಟರ್ನೆಟ್ಟನ್ನಲ್ಲ.

ಆಗ ಹಳೆಯ ಬಾಗಿಲನ್ನೇ ತೆಗೆದೆವು. ವಿಡಿಯೋ ಕಾಲ್‌ನಲ್ಲಿ ಅವಳು ಕ್ಯಾಮೆರಾವನ್ನು ಪರದೆಯ ಕಡೆ ತಿರುಗಿಸಿ ಹಿಡಿದಿದ್ದಳು. ಕಂಟ್ರೋಲ್ ಪ್ಯಾನೆಲ್‌ನಲ್ಲಿ ನೆಟ್‌ವರ್ಕ್ ಕನೆಕ್ಷನ್ಸ್. ಅಲ್ಲಿ ಬ್ರಾಡ್‌ಬ್ಯಾಂಡ್ ಕನೆಕ್ಷನ್ ಮೇಲೆ ಬಲ ಕ್ಲಿಕ್, ಪ್ರಾಪರ್ಟೀಸ್, ಶೇರಿಂಗ್ ಟ್ಯಾಬ್. ಬೇರೆಯವರು ಈ ಸಂಪರ್ಕ ಬಳಸಬಹುದು ಅನ್ನುವ ಚೌಕಕ್ಕೆ ಟಿಕ್. ಕೆಳಗಿನ ಪಟ್ಟಿಯಲ್ಲಿ ಲೋಕಲ್ ಏರಿಯಾ ಕನೆಕ್ಷನ್ ಅಂತ, ಪಕ್ಕದಲ್ಲೊಂದು ನಕ್ಷತ್ರ ಮತ್ತು ಸಂಖ್ಯೆ ಇರುವ ಹೆಸರು. ಅದೇ ಹಾಟ್‌ಸ್ಪಾಟ್‌ನದ್ದು. ಅದನ್ನು ಆರಿಸಿ ಓಕೆ ಒತ್ತಿದ ಎರಡು ಕ್ಷಣಕ್ಕೆ ಅವಳ ಇನ್ನೊಂದು ಫೋನ್ ಟಿಂಗ್ ಟಿಂಗ್ ಅಂತ ಮೆಸೇಜ್‌ಗಳನ್ನು ಇಳಿಸಿಕೊಳ್ಳಲು ಶುರು ಮಾಡಿತು. ವಿಪಿಎನ್, ಅಂದರೆ ನೆಟ್ಟನ್ನು ಗುಟ್ಟಾದ ದಾರಿಯಲ್ಲಿ ಹರಿಸುವ ಸಾಫ್ಟ್‌ವೇರ್, ಹಾಕಿಕೊಂಡು ಅದನ್ನು ಹಂಚಬೇಕು ಅನ್ನುವವರಿಗೂ ಇದೇ ಶೇರಿಂಗ್ ಟ್ಯಾಬ್ ದಾರಿ.

ಮೊಬೈಲ್ ಹಾಟ್‌ಸ್ಪಾಟ್ ಬಟನ್‌ಗೆ ಮೂರು ಕೊರತೆಗಳಿವೆ. ಮೊದಲೇ ಗೊತ್ತಿದ್ದರೆ ಒಳ್ಳೆಯದು. ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದಾಗ ಅದು ತಾನಾಗಿ ಶುರುವಾಗುವುದಿಲ್ಲ, ಪ್ರತಿ ಸಲ ಒತ್ತಬೇಕು. ಯಾರೂ ಸೇರಿಲ್ಲ ಅಂತ ಕಂಡರೆ ಸ್ವಲ್ಪ ಹೊತ್ತಿಗೆ ತಾನೇ ಆರಿಹೋಗುತ್ತದೆ. ಅದು ಬೇಡ ಅಂದರೆ ಅದೇ ಪುಟದಲ್ಲಿ ಪವರ್ ಸೇವಿಂಗ್ ಆಫ್ ಮಾಡಿ. ಮೂರನೆಯದು ಲ್ಯಾಪ್‌ಟಾಪ್‌ನ ಮುಚ್ಚಳ. ನಮ್ಮ ಮನೆಯಲ್ಲಿ ಒಮ್ಮೆ ಅಣ್ಣನ ಮಗಳು ಒಳಗಿನ ಕೋಣೆಯಲ್ಲಿ ಆನ್‌ಲೈನ್ ಪರೀಕ್ಷೆ ಬರೆಯುತ್ತಿದ್ದಳು. ಅಮ್ಮ ಟೇಬಲ್ ಒರೆಸಲು ಬಂದವರು ಲ್ಯಾಪ್‌ಟಾಪ್ ಮುಚ್ಚಿ ಪಕ್ಕಕ್ಕಿಟ್ಟರು. ಅಷ್ಟೇ, ನೆಟ್ ಹೋಯಿತು. ಮಗು ಅಳುತ್ತಾ ಹೊರಗೆ ಬಂದಾಗಲೇ ನಮಗೆ ಗೊತ್ತಾಗಿದ್ದು. ಪವರ್ ಆಪ್ಶನ್ಸ್‌ನಲ್ಲಿ ಮುಚ್ಚಳ ಮುಚ್ಚಿದಾಗ ಏನು ಮಾಡಬೇಕು ಅನ್ನುವಲ್ಲಿ 'ಡು ನಥಿಂಗ್' ಇಡಿ. ನಿದ್ರೆಗೆ ಹೋಗುವ ಸಮಯವನ್ನೂ 'ನೆವರ್' ಮಾಡಿ. ಹಾಟ್‌ಸ್ಪಾಟ್ ಇಡುವವರು ಮೊದಲ ದಿನವೇ ಮಾಡಬೇಕಾದ ಕೆಲಸ ಇದು.

ಬ್ಲೂಟೂತ್ ಮೂಲಕವೂ ಹಂಚಬಹುದು ಅಂತ ಅಲ್ಲೇ ಇನ್ನೊಂದು ಆಯ್ಕೆ ಕಾಣುತ್ತದೆ. ಸೆಕೆಂಡಿಗೆ ಹೆಚ್ಚೆಂದರೆ ಎರಡು ಮೂರು ಮೆಗಾಬಿಟ್. ಮೆಸೇಜ್‌ಗೆ ಆದೀತು, ವಿಡಿಯೋಗೆ ಬೇಡ.

ಹೊರಗಿನ ಸಾಫ್ಟ್‌ವೇರ್ ಬೇಕಾ?

ಒಂದು ಕಾಲಕ್ಕೆ ಬೇಕಿತ್ತು. ವಿಂಡೋಸ್ 7ರ ದಿನಗಳಲ್ಲಿ ಕನೆಕ್ಟಿಫೈ, ಎಮ್‌ಹಾಟ್‌ಸ್ಪಾಟ್, ವರ್ಚುವಲ್ ರೂಟರ್‌ಗಳಂಥವು ಬಹಳ ಉಪಕಾರ ಮಾಡಿದವು. ಆದೇಶ ಟೈಪ್ ಮಾಡುವ ಕಷ್ಟವನ್ನು ಒಂದು ಬಟನ್ ಹಿಂದೆ ಅಡಗಿಸಿದ್ದೇ ಅವುಗಳ ಕೆಲಸ. ಈಗ ಆ ಬಟನ್ ವಿಂಡೋಸ್‌ನಲ್ಲೇ ಇದೆ. ಯಾರು ಎಷ್ಟು ಡೇಟಾ ಬಳಸಿದರು ಅಂತ ನೋಡಬೇಕು, ಕಂಪ್ಯೂಟರ್ ಆನ್ ಆದ ಕೂಡಲೇ ಹಾಟ್‌ಸ್ಪಾಟ್ ಶುರುವಾಗಬೇಕು ಅನ್ನುವ ಅಗತ್ಯ ಇದ್ದರೆ ಮಾತ್ರ ಇವುಗಳ ಕಡೆ ನೋಡಿ. ಒಳ್ಳೆಯ ಸೌಲಭ್ಯಗಳಿಗೆ ಸಾಮಾನ್ಯವಾಗಿ ದುಡ್ಡು ಕೊಡಬೇಕು.

ಎಲ್ಲಿಂದ ಇಳಿಸಿಕೊಳ್ಳುತ್ತೀರಿ ಅನ್ನುವುದು ಇಲ್ಲಿ ಬಹಳ ಮುಖ್ಯ. ಹಿಂದೊಮ್ಮೆ ನಾನು ಅವಸರದಲ್ಲಿ ಯಾವುದೋ ಪುಟದಿಂದ ಒಂದು ಉಚಿತ ಹಾಟ್‌ಸ್ಪಾಟ್ ಸಾಫ್ಟ್‌ವೇರ್ ಹಾಕಿಕೊಂಡೆ. ಹಾಟ್‌ಸ್ಪಾಟ್ ಕೆಲಸ ಮಾಡಿತು, ಜೊತೆಗೆ ಬ್ರೌಸರ್‌ನ ಮೊದಲ ಪುಟವೇ ಬದಲಾಗಿ ಜಾಹೀರಾತು ತುಂಬಿಕೊಂಡಿತು. ಅದನ್ನು ಕಿತ್ತುಹಾಕಲು ಒಂದು ಭಾನುವಾರ ಹೋಯಿತು. ಮನೆಯವರೆಲ್ಲರ ನೆಟ್ ಈ ಸಾಫ್ಟ್‌ವೇರ್ ಮೂಲಕವೇ ಹರಿಯುತ್ತದೆ. ಗುರುತು ಪರಿಚಯ ಇಲ್ಲದವರ ಕೈಗೆ ಮನೆ ಕೀಲಿ ಕೊಡುತ್ತೇವಾ?

ಮ್ಯಾಕ್, ಲಿನಕ್ಸ್

ಮ್ಯಾಕ್‌ನಲ್ಲಿ ವಿಷಯ ಚಿಕ್ಕದು. ಸಿಸ್ಟಮ್ ಸೆಟ್ಟಿಂಗ್ಸ್, ಜನರಲ್, ಶೇರಿಂಗ್, ಇಂಟರ್ನೆಟ್ ಶೇರಿಂಗ್. 2022ರ ವೆಂಚುರಾ ಆವೃತ್ತಿಯಿಂದ ಅದು ಇರುವುದು ಇಲ್ಲಿ. ನೆಟ್ ವೈರ್‌ನಿಂದಲೋ ಯುಎಸ್‌ಬಿಯಲ್ಲಿ ಜೋಡಿಸಿದ ಐಫೋನ್‌ನಿಂದಲೋ ಬರಬೇಕು. ವೈಫೈನಿಂದ ಪಡೆದು ವೈಫೈನಲ್ಲೇ ಹಂಚಲು ಅದು ಬಿಡುವುದಿಲ್ಲ. ಈಗಿನ ಮ್ಯಾಕ್‌ಬುಕ್‌ಗಳಲ್ಲಿ ವೈರ್ ಸಿಕ್ಕಿಸುವ ತೂತೇ ಇಲ್ಲ, ಅದಕ್ಕೊಂದು ಅಡಾಪ್ಟರ್ ತಗೋಬೇಕು. ಆ ಖರ್ಚು ಲೆಕ್ಕ ಹಾಕಿದರೆ ಹಲವರಿಗೆ ರೂಟರೇ ಹತ್ತಿರ ಬೀಳುತ್ತದೆ.

ಲಿನಕ್ಸ್‌ನ ಒಂದು ಬಗೆಯಾದ ಉಬುಂಟು ಬಳಸುವವರಿಗೆ ನನ್ನ ಕಡೆಯಿಂದ ಸ್ವಲ್ಪ ಜಾಸ್ತಿ ಪ್ರೀತಿ. ಸೆಟ್ಟಿಂಗ್ಸ್‌ನಲ್ಲಿ ವೈಫೈ, ಮೇಲಿನ ಮೂರು ಚುಕ್ಕಿ, ಟರ್ನ್ ಆನ್ ವೈಫೈ ಹಾಟ್‌ಸ್ಪಾಟ್. ಪರದೆಯ ಮೇಲೆ ಕ್ಯೂಆರ್ ಕೋಡ್ ಮೂಡುತ್ತದೆ. ಫೋನ್ ತೋರಿಸಿದರೆ ಸೇರಿಕೊಳ್ಳುತ್ತದೆ, ಪಾಸ್‌ವರ್ಡ್ ಕೂಗಿ ಹೇಳುವ ಕೆಲಸವಿಲ್ಲ. ಆದರೆ ಒಂದೇ ವೈಫೈ ಕಾರ್ಡ್ ಇದ್ದರೆ ಹಾಟ್‌ಸ್ಪಾಟ್ ಆನ್ ಆದ ಕೂಡಲೇ ಅದು ಸೇರಿದ್ದ ವೈಫೈ ಬಿಟ್ಟುಬಿಡುತ್ತದೆ. ಎರಡೂ ಒಟ್ಟಿಗೆ ಬೇಕು ಅಂದರೆ ಲಿನಕ್ಸ್ ವೈಫೈ ಹಾಟ್‌ಸ್ಪಾಟ್ ಅನ್ನುವ ಉಚಿತ, ಮುಕ್ತ ಸಾಫ್ಟ್‌ವೇರ್ ಇದೆ. ಕಾರ್ಡ್‌ಗೆ ಆ ಶಕ್ತಿ ಇರಬೇಕು ಅಷ್ಟೇ. ಯುಎಸ್‌ಬಿ ಅಡಾಪ್ಟರ್ ಕೊಳ್ಳುವ ಲಿನಕ್ಸ್‌ನವರು ಅದರೊಳಗಿನ ಚಿಪ್ ಯಾವುದು, ಅದಕ್ಕೆ ಡ್ರೈವರ್ ಇದೆಯಾ ಅಂತ ಮೊದಲೇ ನೋಡಿಕೊಂಡು ದುಡ್ಡು ಕೊಡಿ.

ಫೋನೇ ಸಾಕಲ್ವಾ?

ನಿಮ್ಮ ನೆಟ್ ಬರುತ್ತಿರುವುದೇ ಸಿಮ್‌ನಿಂದ ಆದರೆ, ಫೋನ್‌ನ ಹಾಟ್‌ಸ್ಪಾಟೇ ನೇರ ದಾರಿ. ನಡುವೆ ಲ್ಯಾಪ್‌ಟಾಪ್ ಯಾಕೆ? ಎರಡು ಗಂಟೆಯ ಕೆಲಸಕ್ಕೆ ಇದಕ್ಕಿಂತ ಸುಲಭ ಇನ್ನೊಂದಿಲ್ಲ.

ಇಡೀ ದಿನದ ಕೆಲಸ ಆದರೆ ಫೋನ್ ಬಿಸಿಯಾಗುತ್ತದೆ, ಬ್ಯಾಟರಿ ಇಳಿಯುತ್ತದೆ, ಕಾಲ್ ಬಂದಾಗ ಎತ್ತಿಕೊಂಡು ಹೊರಗೆ ಹೋದರೆ ಎಲ್ಲರ ನೆಟ್ಟೂ ಹೊರಗೆ ಹೋಗುತ್ತದೆ. ಆಗ ಯುಎಸ್‌ಬಿ ಟೆದರಿಂಗ್ ಮಾಡಿ, ಅಂದರೆ ಫೋನ್‌ನ ನೆಟ್ಟನ್ನು ಕೇಬಲ್‌ನಲ್ಲಿ ಲ್ಯಾಪ್‌ಟಾಪ್‌ಗೆ ಕೊಟ್ಟು, ಲ್ಯಾಪ್‌ಟಾಪ್‌ನಿಂದ ಹಂಚಿ. ಫೋನ್ ಚಾರ್ಜ್ ಆಗುತ್ತಲೇ ಇರುತ್ತದೆ, ಅದರ ವೈಫೈಗೆ ಕೆಲಸವಿಲ್ಲದ ಕಾರಣ ಬಿಸಿಯೂ ಕಡಿಮೆ.

ಸಿಮ್‌ನ ಡೇಟಾ ಹಂಚುವವರು ಒಂದನ್ನು ಮರೆಯಬಾರದು. ನಿಮ್ಮ ಹಾಟ್‌ಸ್ಪಾಟ್‌ಗೆ ಸೇರಿದ ಇನ್ನೊಂದು ಲ್ಯಾಪ್‌ಟಾಪ್‌ಗೆ ಇದು ಸಿಮ್ ಡೇಟಾ ಅಂತ ಗೊತ್ತಿರುವುದಿಲ್ಲ. ವೈಫೈ ಸಿಕ್ಕಿತು ಅಂತ ವಿಂಡೋಸ್ ಅಪ್‌ಡೇಟ್ ಇಳಿಸಲು ಶುರು ಮಾಡುತ್ತದೆ. ಮಧ್ಯಾಹ್ನದೊಳಗೆ ದಿನದ ಡೇಟಾ ಖಾಲಿ. ಆ ಲ್ಯಾಪ್‌ಟಾಪ್‌ನಲ್ಲಿ ಈ ವೈಫೈ ಹೆಸರಿನ ಪ್ರಾಪರ್ಟೀಸ್ ತೆರೆದು ಮೀಟರ್ಡ್ ಕನೆಕ್ಷನ್ (ಡೇಟಾಗೆ ಮಿತಿ ಇರುವ ಸಂಪರ್ಕ) ಆನ್ ಮಾಡಿ. ಫೋನ್‌ಗಳಲ್ಲಿ ಫೋಟೋ ಬ್ಯಾಕಪ್ ವೈಫೈ ಸಿಕ್ಕಾಗ ಮಾತ್ರ ಅಂತ ಇಟ್ಟಿರುತ್ತೀರಿ, ಅದೂ ಹೀಗೇ ನುಂಗುತ್ತದೆ.

ಹಾಸ್ಟೆಲ್, ಪಿಜಿ, ಹೋಟೆಲ್ ರೂಮು

ಲ್ಯಾಪ್‌ಟಾಪ್ ಹಾಟ್‌ಸ್ಪಾಟ್ ನಿಜವಾಗಿ ಬೆಳಗುವ ಜಾಗ ಇದು. ಹೋಟೆಲ್‌ನಲ್ಲಿ ಒಂದು ರೂಮಿಗೆ ಒಂದೇ ಲಾಗಿನ್ ಅನ್ನುತ್ತಾರೆ. ಪಿಜಿಯಲ್ಲಿ ಗೋಡೆಯಲ್ಲೊಂದು ವೈರ್‌ನ ತೂತು ಇರುತ್ತದೆ, ವೈಫೈ ಮಾತ್ರ ಕಾರಿಡಾರ್‌ನಲ್ಲೇ ನಿಂತುಹೋಗುತ್ತದೆ. ಲ್ಯಾಪ್‌ಟಾಪ್ ಒಮ್ಮೆ ಲಾಗಿನ್ ಆದರೆ ಸಾಕು, ಅದರ ಹಿಂದೆ ಇರುವ ಫೋನ್ ಟ್ಯಾಬ್‌ಗಳೆಲ್ಲ ಹೊರಗಿನವರಿಗೆ ಅದೊಂದೇ ಲ್ಯಾಪ್‌ಟಾಪ್‌ನ ಹಾಗೆ ಕಾಣುತ್ತವೆ. ವಿಂಡೋಸ್ ತಾನು 192.168.137.1 ಅನ್ನುವ ವಿಳಾಸ ಇಟ್ಟುಕೊಂಡು, ಉಳಿದವುಗಳಿಗೆ ಅದರ ಮುಂದಿನ ಸಂಖ್ಯೆಗಳನ್ನು ಹಂಚುತ್ತದೆ.

ಇಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಹೇಳಲೇಬೇಕು. ಎಷ್ಟೋ ಕಾಲೇಜು ಹಾಸ್ಟೆಲ್‌ಗಳು ಸ್ವಂತ ಹಾಟ್‌ಸ್ಪಾಟ್ ಇಡಬಾರದು ಅಂತ ನಿಯಮ ಮಾಡಿರುತ್ತವೆ. ಅದರಲ್ಲಿ ಅರ್ಥವಿದೆ. ಒಂದೇ ಮಹಡಿಯಲ್ಲಿ ಮೂವತ್ತು ಹಾಟ್‌ಸ್ಪಾಟ್ ಎದ್ದರೆ ಯಾರಿಗೂ ಸರಿಯಾಗಿ ನೆಟ್ ಸಿಗುವುದಿಲ್ಲ. 2.4ರಲ್ಲಿ ಒಂದಕ್ಕೊಂದು ತಾಗದ ಚಾನೆಲ್‌ಗಳು ಮೂರೇ: 1, 6, 11. ಕೇಳಿ ಮಾಡಿ. ಆಫೀಸಿನ ಲ್ಯಾಪ್‌ಟಾಪ್‌ನಲ್ಲಿ ಹಾಟ್‌ಸ್ಪಾಟ್ ಬಟನ್ ಬೂದಿ ಬಣ್ಣದಲ್ಲಿದ್ದರೆ ಅದನ್ನು ಮುಚ್ಚಿರುವುದು ಐಟಿಯವರು. ಸುತ್ತುದಾರಿ ಹುಡುಕಲು ಹೋಗಬೇಡಿ.

ಯಾರಿಗೆ ಕೊಡುತ್ತೀರಿ ಅನ್ನುವುದರಲ್ಲೂ ಬಿಗಿ ಇರಲಿ. ಸಂಪರ್ಕ ನಿಮ್ಮ ಹೆಸರಲ್ಲಿದೆ. ಅದರಲ್ಲಿ ಬೇರೆಯವರು ಏನೇ ಮಾಡಿದರೂ ಮೊದಲು ಬಾಗಿಲು ತಟ್ಟುವುದು ನಿಮ್ಮದೇ. ಪಾಸ್‌ವರ್ಡ್ ಇಲ್ಲದ ಹಾಟ್‌ಸ್ಪಾಟ್ ಬೇಡ, ಮೊಬೈಲ್ ನಂಬರನ್ನೇ ಪಾಸ್‌ವರ್ಡ್ ಮಾಡುವುದೂ ಬೇಡ.

ರೂಟರ್ ಯಾವಾಗ?

ದಿನಾ ನಾಲ್ಕು ಗಂಟೆಗಿಂತ ಹೆಚ್ಚು ಹಂಚುತ್ತೀರಿ, ಮನೆಯಲ್ಲಿ ಟಿವಿಯೂ ಇದೆ, ನೀವು ಲ್ಯಾಪ್‌ಟಾಪ್ ತಗೊಂಡು ಆಫೀಸಿಗೆ ಹೋದಾಗ ಮನೆಯವರಿಗೆ ನೆಟ್ ಬೇಕು. ಇದರಲ್ಲಿ ಒಂದು ನಿಜವಾದರೂ ರೂಟರ್ ತಗೊಳ್ಳಿ. ಈ ಮಾತು ಹೇಳುವಾಗ ನನಗೆ ಹಿಂಜರಿಕೆ ಇಲ್ಲ. ಸಾವಿರ, ಒಂದೂವರೆ ಸಾವಿರಕ್ಕೆ ಎರಡೂ ಬ್ಯಾಂಡ್ ಇರುವ ರೂಟರ್ ಬರುತ್ತದೆ. ಕರೆಂಟ್ ಬಳಕೆ ಲ್ಯಾಪ್‌ಟಾಪ್‌ಗಿಂತ ಎಷ್ಟೋ ಕಡಿಮೆ. ಡಯಲರ್‌ನ ಯೂಸರ್‌ನೇಮನ್ನು ಒಮ್ಮೆ ಅದರಲ್ಲಿ ಬರೆದಿಟ್ಟರೆ ತಾನೇ ಕನೆಕ್ಟ್ ಆಗುತ್ತದೆ.

ಕರೆಂಟ್ ಹೋದಾಗ ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇದೆ, ಆದ್ದರಿಂದ ಹಾಟ್‌ಸ್ಪಾಟ್ ವಾಸಿ ಅಂತ ಕೆಲವರು ವಾದಿಸುತ್ತಾರೆ. ಆ ವಾದ ಅರ್ಧ ಸರಿ. ಫೈಬರ್ ಆದರೆ ಗೋಡೆಯಲ್ಲಿರುವ ಬಿಳಿ ಡಬ್ಬಿಗೂ ಕರೆಂಟ್ ಬೇಕು. ಅದು ಆರಿದರೆ ಲ್ಯಾಪ್‌ಟಾಪ್ ಎಚ್ಚರವಾಗಿದ್ದೂ ಹಂಚಲು ಏನೂ ಇರುವುದಿಲ್ಲ. ರೂಟರ್‌ಗೆಂದೇ 12 ವೋಲ್ಟ್‌ನ ಪುಟ್ಟ ಯುಪಿಎಸ್‌ಗಳು ಸಿಗುತ್ತವೆ. ಲೋಡ್ ಶೆಡ್ಡಿಂಗ್ ಇರುವ ಊರಲ್ಲಿ ಅದನ್ನೊಂದು ಜೊತೆಗೆ ತಗೊಳ್ಳಿ. ಕೊಳ್ಳುವ ಮೊದಲು ನಿಮ್ಮ ರೂಟರ್‌ನ ಅಡಾಪ್ಟರ್ 9 ವೋಲ್ಟಾ 12ಆ ಅಂತ ಅದರ ಮೇಲೆ ಓದಿ ನೋಡಿ.

ತಂಗಿ ಮೂರು ವಾರ ಹಾಟ್‌ಸ್ಪಾಟ್‌ನಲ್ಲೇ ನಡೆಸಿದಳು. ಬೆಳಗ್ಗೆ ಅವಳು ಶಾಲೆಗೆ ಲ್ಯಾಪ್‌ಟಾಪ್ ಒಯ್ದರೆ ಅತ್ತೆಯ ಧಾರಾವಾಹಿಗೆ ನೆಟ್ ಇರುತ್ತಿರಲಿಲ್ಲ. ಕೊನೆಗೆ ರೂಟರ್ ತಂದಳು. ಯೂಸರ್‌ನೇಮ್ ಹಾಕಿದರೂ ಕನೆಕ್ಟ್ ಆಗಲೊಲ್ಲದು. ನೆಟ್‌ನವರು ಆ ಸಂಪರ್ಕವನ್ನು ಅವಳ ಲ್ಯಾಪ್‌ಟಾಪ್‌ನ ಮ್ಯಾಕ್ ವಿಳಾಸಕ್ಕೆ, ಅಂದರೆ ನೆಟ್‌ವರ್ಕ್ ಕಾರ್ಡಿನ ಗುರುತಿನ ಸಂಖ್ಯೆಗೆ, ಕಟ್ಟಿಹಾಕಿದ್ದರು (ಆಪಲ್‌ನ ಮ್ಯಾಕ್‌ಗೂ ಇದಕ್ಕೂ ಸಂಬಂಧವಿಲ್ಲ). ಅವರಿಗೆ ಫೋನ್ ಮಾಡಿ ಬದಲಿಸಿ ಅಂದರೆ ಆಗುತ್ತದೆ, ಆದರೆ ಅದು ಭಾನುವಾರ. ರೂಟರ್‌ನ ಸೆಟ್ಟಿಂಗ್ಸ್‌ನಲ್ಲಿ ಮ್ಯಾಕ್ ಕ್ಲೋನ್ ಅಂತ ಒಂದು ಸಾಲು ಇರುತ್ತದೆ. ಅಲ್ಲಿ ಲ್ಯಾಪ್‌ಟಾಪ್‌ನ ವೈರ್ ಕಾರ್ಡಿನ ವಿಳಾಸ ಬರೆದು ಸೇವ್ ಮಾಡಿಸಿದೆ. ಕಿತ್ತಳೆ ಬಣ್ಣದಲ್ಲಿ ಮಿನುಗುತ್ತಿದ್ದ ದೀಪ ಹಸಿರಾಯಿತು.

ಅವಳ ಲ್ಯಾಪ್‌ಟಾಪ್‌ನ ಹಾಟ್‌ಸ್ಪಾಟ್ ಈಗ ಆನ್ ಆಗುವುದು ರಜೆಯಲ್ಲಿ ಊರಿಗೆ ಬಂದಾಗ ಮಾತ್ರ. ನಮ್ಮ ಮಲೆನಾಡಿನ ಮನೆಯಲ್ಲಿ ಸಿಗ್ನಲ್ ಸಿಗುವುದು ಮಹಡಿಯ ಪೂರ್ವದ ಕಿಟಕಿಯಲ್ಲಿ. ಅಲ್ಲಿ ಫೋನ್ ಇಟ್ಟು ಅದರ ಹಾಟ್‌ಸ್ಪಾಟ್ ಆನ್ ಮಾಡುತ್ತೇವೆ. ನಡುವಿನ ಮೆಟ್ಟಿಲ ಮೇಲೆ ಲ್ಯಾಪ್‌ಟಾಪ್ ಇಟ್ಟು, ಆ ವೈಫೈ ಹಿಡಿದು ಕೆಳಗಿನ ಜಗಲಿಗೆ ಹಂಚುತ್ತೇವೆ. ವೇಗ ಅರ್ಧಕ್ಕೆ ಇಳಿಯುತ್ತದೆ. ಜಗಲಿಯಲ್ಲಿ ಕೂತು ಅಪ್ಪ ಬೆಂಗಳೂರಿನ ಮೊಮ್ಮಗಳ ಮುಖ ನೋಡಿ ಮಾತಾಡಲು ಅಷ್ಟು ಸಾಕಾಗುತ್ತದೆ.